ಹಳೆಯ ಯಂತ್ರಗಳ ವಾರಸುದಾರರು

2025ರ ಏಪ್ರಿಲ್‌ನಲ್ಲಿ ಇಂಗೊ ಮೊಲ್ನಾರ್ ಎಂಬ ತಂತ್ರಜ್ಞ ಲಿನಕ್ಸ್‌ನ ತಿರುಳಾದ ಕರ್ನಲ್‌ನಿಂದ ಹದಿನಾಲ್ಕು ಸಾವಿರಕ್ಕೂ ಮಿಕ್ಕ ಸಾಲುಗಳನ್ನು ಕಿತ್ತುಹಾಕುವ ಪ್ಯಾಚುಗಳನ್ನು ಮುಂದಿಟ್ಟರು. ಆ ಸಾಲುಗಳು ಇದ್ದದ್ದು ಇಂಟೆಲ್‌ನ 486 ಪ್ರೊಸೆಸರ್ ಮತ್ತು ಅದರ ಬೆನ್ನಿಗೇ ಬಂದ 586 ಪೀಳಿಗೆಯ ಕೆಲವು ಚಿಪ್‌ಗಳಿಗಾಗಿ. 486 ಮಾರುಕಟ್ಟೆಗೆ ಬಂದದ್ದು 1989ರಲ್ಲಿ, ಇಂಟೆಲ್ ಅದರ ತಯಾರಿಕೆ ನಿಲ್ಲಿಸಿದ್ದು 2007ರಲ್ಲಿ. ಅಂಥ ಯಂತ್ರಗಳು ಮ್ಯೂಸಿಯಂ ಸೇರಿವೆ, ಅವುಗಳಿಗೆ ಮ್ಯೂಸಿಯಂ ಕರ್ನಲ್ಲೇ ಸಾಕು ಎಂಬರ್ಥದ ಮಾತನ್ನು ಲಿನಕ್ಸ್‌ನ ಜನಕ ಲೀನಸ್ ಟೊರ್ವಾಲ್ಡ್ಸ್ 2022ರಲ್ಲೇ ಆಡಿದ್ದರು. ಅದೇ 2025ರ ಮೇ ತಿಂಗಳಲ್ಲಿ ರೆಡ್ ಹ್ಯಾಟ್ ಕಂಪನಿ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ 10ನೇ ಆವೃತ್ತಿಯನ್ನು ಹೊರತಂದಿತು. 2013ಕ್ಕೆ ಹಿಂದಿನ ಇಂಟೆಲ್ ಚಿಪ್‌ಗಳ ಮೇಲೆ ಅದು ಏಳುವುದೇ ಇಲ್ಲ. ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗಳಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ ಕೂಡ ಇಲ್ಲ. ಮೂರೂ ಸುದ್ದಿಗಳು ಹರಡಿದ್ದು ಒಂದೇ ವಾಕ್ಯವಾಗಿ: ಲಿನಕ್ಸ್ ಕೂಡ ಹಳೆಯ ಯಂತ್ರಗಳ ಕೈಬಿಡುತ್ತಿದೆ. ನನ್ನ ವಾದವೆಂದರೆ, ಇವು ಮೂರೂ ಬೇರೆ ಬೇರೆ ಸಂಗತಿಗಳು. ಮೊದಲನೆಯದು ಪ್ರಾಮಾಣಿಕವಾದ ಕೆಲಸ. ಡೆಬಿಯನ್ನಿನದು ಬೇಸರ ತರಿಸಿದರೂ ಒಪ್ಪಬಹುದಾದದ್ದು. ರೆಡ್ ಹ್ಯಾಟ್‌ನದು ಬರಿಯ ಆಯ್ಕೆ. ಮೂರನ್ನೂ ಒಂದೇ ಗಂಟಿಗೆ ಕಟ್ಟಿದರೆ ಆ ಆಯ್ಕೆ ಅನಿವಾರ್ಯತೆಯ ವೇಷ ತೊಟ್ಟು ಪಾರಾಗಿಬಿಡುತ್ತದೆ.

'ಅಧಿಕೃತ ಬೆಂಬಲ' ಎಂಬ ಮಾತಿನಿಂದಲೇ ಶುರುಮಾಡಬೇಕು. ಸರಕು ಮಾರಿದ ಕಂಪನಿ ಆ ಮಾತನ್ನು ಆಡಿದರೆ ಅದರ ಹಿಂದೆ ಬಿಲ್ಲು, ವಾರಂಟಿ, ಕರೆ ಮಾಡಲು ಒಂದು ಸಂಖ್ಯೆ ಇರುತ್ತವೆ. ಲಿನಕ್ಸ್ ಕರ್ನಲ್‌ನಲ್ಲಿ ಅದರ ಹಿಂದೆ ಇರುವುದು ಒಂದು ಕಡತ. ಮೂಲ ಕೋಡಿನ ಜೊತೆಗೇ ಬರುವ 'ಮೇಂಟೇನರ್ಸ್' ಎಂಬ ಆ ಉದ್ದನೆಯ ಪಟ್ಟಿಯಲ್ಲಿ ಪ್ರತಿ ಡ್ರೈವರ್ ಮತ್ತು ಪ್ರತಿ ಪ್ರೊಸೆಸರ್ ಜಾತಿಯ ಎದುರು ಅದನ್ನು ನೋಡಿಕೊಳ್ಳುವವರ ಹೆಸರಿದೆ, ಸ್ಥಿತಿಯನ್ನು ಹೇಳುವ ಒಂದು ಪದವಿದೆ. ಸಂಬಳ ಪಡೆದು ನೋಡಿಕೊಳ್ಳುವವರಿದ್ದರೆ ಒಂದು ಪದ, ಪ್ರೀತಿಯಿಂದ ನೋಡಿಕೊಳ್ಳುವವರಿದ್ದರೆ ಇನ್ನೊಂದು, ಬಿಡುವಾದಾಗ ಅಲ್ಲಿಷ್ಟು ಇಲ್ಲಿಷ್ಟು ರಿಪೇರಿ ಮಾಡುವವರಿದ್ದರೆ ಮತ್ತೊಂದು. ಯಾರೂ ಇಲ್ಲದಿದ್ದರೆ 'ಆರ್ಫನ್', ಅಂದರೆ ಅನಾಥ. 2019ರಲ್ಲಿ ಫ್ಲಾಪಿ ಡ್ರೈವ್‌ನ ಡ್ರೈವರ್ ಈ ಅನಾಥರ ಸಾಲಿಗೆ ಸೇರಿತು. ಕಾರಣ ಸರಳ: ಬದಲಾವಣೆ ಮಾಡಿದರೆ ಪರೀಕ್ಷಿಸಿ ನೋಡಲು ನಿಜವಾದ ಫ್ಲಾಪಿ ಡ್ರೈವ್ ಇಟ್ಟುಕೊಂಡವರು ಸಿಗುತ್ತಿರಲಿಲ್ಲ. ಆಮೇಲೆ ಡೆನಿಸ್ ಎಫ್ರೆಮೊವ್ ಎಂಬವರು ತಾವು ನೋಡಿಕೊಳ್ಳುತ್ತೇವೆಂದು ಮುಂದೆ ಬಂದರು, ಪದ ಬದಲಾಯಿತು, ಡ್ರೈವರ್ ಉಳಿಯಿತು. ಅಲ್ಲಿ ಯಾವ ಆಡಳಿತ ಮಂಡಳಿಯೂ ಸಭೆ ಸೇರಲಿಲ್ಲ, ಮಾರುಕಟ್ಟೆ ಸಮೀಕ್ಷೆಯೂ ನಡೆಯಲಿಲ್ಲ. ಕೈಯಲ್ಲಿ ಯಂತ್ರ ಇರುವ, ಕೋಡು ಓದಬಲ್ಲ ಒಬ್ಬ ಮನುಷ್ಯ ಬೇಕಾಗಿತ್ತು, ಸಿಕ್ಕಿದ.

ಈ ಮಾತು ಸುಂದರ ಕಥೆಯಷ್ಟೇ ಅಲ್ಲ ಎಂಬುದಕ್ಕೆ ಕರ್ನಲ್‌ನ ಇತಿಹಾಸವೇ ಪುರಾವೆ. ಇಂಟೆಲ್ ಮತ್ತು ಎಚ್‌ಪಿ ಸೇರಿ ಕಟ್ಟಿದ ಇಟೇನಿಯಂ 2001ರಲ್ಲಿ ಬಂದ, ಭಾರೀ ಸರ್ವರ್‌ಗಳಿಗೆಂದೇ ಮಾಡಿದ 64-ಬಿಟ್ ಪ್ರೊಸೆಸರ್. ಅದರ ಕೊನೆಯ ಚಿಪ್‌ಗಳು ಕಾರ್ಖಾನೆಯಿಂದ ಹೊರಟದ್ದು 2021ರಲ್ಲಿ. ಅದೇ ವರ್ಷ ಕರ್ನಲ್ ಅದನ್ನು ಅನಾಥವೆಂದು ಗುರುತಿಸಿತು, 2024ರ ಜನವರಿಯಲ್ಲಿ ಬಂದ 6.7ನೇ ಆವೃತ್ತಿಯಲ್ಲಿ ಪೂರ್ತಿ ಕೈಬಿಟ್ಟಿತು. ಇನ್ನೊಂದು ಕಡೆ ಮೊಟೊರೊಲಾದ 68000 ಕುಟುಂಬವಿದೆ. ಅದರ ಮೂಲ 1979ರದು. ಅಮಿಗಾ, ಅಟಾರಿ, ಹಳೆಯ ಮ್ಯಾಕಿಂಟಾಷ್‌ಗಳ ಎದೆಬಡಿತವಾಗಿದ್ದ ಆ ಜಾತಿಗೆ ಕರ್ನಲ್‌ನಲ್ಲಿ ಇಂದಿಗೂ ಜಾಗವಿದೆ, ಪ್ಯಾಚುಗಳು ಬರುತ್ತಿವೆ. ಇಟೇನಿಯಂ ಸಾಯುವಾಗ ಅದರ ವಯಸ್ಸು ಮೊಟೊರೊಲಾದ ಸುಮಾರು ಅರ್ಧದಷ್ಟೇ ಇತ್ತು! ವ್ಯತ್ಯಾಸವಿಷ್ಟೇ: ಇಟೇನಿಯಂ ಅನ್ನು ಸಾಕಿದ್ದು ಎರಡು ಕಂಪನಿಗಳ ಸಂಬಳ, ಸಂಬಳ ನಿಂತ ದಿನ ಅದಕ್ಕೆ ಹೇಳುವವರು ಕೇಳುವವರು ಇಲ್ಲವಾದರು. ಅಮಿಗಾವನ್ನು ಸಾಕುತ್ತಿರುವುದು ಹುಚ್ಚು ಅಭಿಮಾನ, ಅದಕ್ಕೆ ಆರ್ಥಿಕ ವರ್ಷದ ಹಂಗಿಲ್ಲ. 2018ರ ಜೂನ್‌ನ 4.17ನೇ ಆವೃತ್ತಿಯಲ್ಲಿ ಒಂದೇ ಏಟಿಗೆ ಎಂಟು ಪ್ರೊಸೆಸರ್ ಜಾತಿಗಳನ್ನು ತೆಗೆದಾಗಲೂ ಹೋದವು ಬ್ಲ್ಯಾಕ್‌ಫಿನ್, ಟೈಲ್, ಕ್ರಿಸ್‌ನಂಥವೇ; ತಯಾರಿಸಿದ ಕಂಪನಿಗಳೇ ಮರೆತಿದ್ದವು. ಎಚ್8/300 ಎಂಬ ಜಪಾನಿ ಚಿಪ್‌ನದು ಇನ್ನೂ ಸ್ವಾರಸ್ಯ. ಒಮ್ಮೆ ಹೊರಹಾಕಿದರು. ನೋಡಿಕೊಳ್ಳುವವರು ಸಿಕ್ಕಿದ ಮೇಲೆ 2015ರಲ್ಲಿ ಮತ್ತೆ ಒಳಗೆ ಬಂತು. ಪುನಃ ಅನಾಥವಾಗಿ 2022ರಲ್ಲಿ ಮತ್ತೆ ಹೊರಗೆ ಹೋಯಿತು. ಬಾಗಿಲು ಎರಡೂ ಕಡೆ ತೆರೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದಕ್ಕೆ ಸಹಜವಾಗಿಯೇ ಒಂದು ಆಕ್ಷೇಪ ಏಳುತ್ತದೆ. ಇದ್ದ ಕೋಡು ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೇ? ಹದಿನಾಲ್ಕು ಸಾವಿರ ಸಾಲು ಕೋಟಿಗಟ್ಟಲೆ ಸಾಲುಗಳ ಕರ್ನಲ್‌ನಲ್ಲಿ ಯಾವ ಲೆಕ್ಕ? ಇದಕ್ಕೆ ಉತ್ತರ ಕಾಣಬೇಕಾದರೆ 386ರ ಒಂದು ಪುಟ್ಟ ಕೊರತೆಯನ್ನು ಹತ್ತಿರದಿಂದ ನೋಡಬೇಕು. ಲಿನಕ್ಸ್ ಹುಟ್ಟಿದ್ದೇ 386ರ ಮೇಲೆ, 1991ರಲ್ಲಿ, ಹೆಲ್ಸಿಂಕಿಯ ವಿದ್ಯಾರ್ಥಿಯೊಬ್ಬನ ಮೇಜಿನ ಮೇಲೆ. ಆ ಚಿಪ್‌ನಲ್ಲಿ ಮೆಮೊರಿಯ ಒಂದು ಪುಟವನ್ನು 'ಓದಲು ಮಾತ್ರ' ಎಂದು ಗುರುತು ಹಾಕಿದರೆ ಸಾಮಾನ್ಯ ಪ್ರೋಗ್ರಾಮುಗಳು ಅದರ ಮೇಲೆ ಬರೆಯಲಾರವು, ಆದರೆ ಕರ್ನಲ್ ತಾನೇ ಬರೆಯಹೊರಟರೆ ಪ್ರೊಸೆಸರ್ ಆ ಗುರುತನ್ನು ನೋಡುವುದೇ ಇಲ್ಲ. ಮೇಲ್ನೋಟಕ್ಕೆ ಸಣ್ಣ ಸಂಗತಿ. ಆದರೆ ಒಂದು ಪ್ರಕ್ರಿಯೆ ಇನ್ನೊಂದನ್ನು ಹೆತ್ತಾಗ ಲಿನಕ್ಸ್ ಇಡೀ ಮೆಮೊರಿಯ ನಕಲು ಮಾಡುವುದಿಲ್ಲ. ಎರಡಕ್ಕೂ ಅದೇ ಪುಟಗಳನ್ನು ಕೊಟ್ಟು, 'ಓದಲು ಮಾತ್ರ' ಎಂದು ಗುರುತು ಹಾಕಿ, ಯಾರಾದರೂ ಬರೆಯಹೊರಟಾಗ ಪ್ರೊಸೆಸರ್ ಕೂಗಿ ಹೇಳಲಿ, ಆಗ ನಕಲು ಮಾಡೋಣ ಎಂದು ಕಾಯುತ್ತದೆ. 386ರಲ್ಲಿ ಕರ್ನಲ್ ಬರೆದಾಗ ಆ ಕೂಗು ಬರುವುದಿಲ್ಲ. ಹಾಗಾಗಿ ಪ್ರತಿ ಸಲ ಬರೆಯುವ ಮುಂಚೆ ಪುಟವನ್ನು ಕೈಯಾರೆ ತಪಾಸಣೆ ಮಾಡಬೇಕು. ತಪಾಸಣೆಗೂ ಬರವಣಿಗೆಗೂ ನಡುವಿನ ಕ್ಷಣದಲ್ಲಿ ಪುಟದ ಸ್ಥಿತಿ ಬದಲಾಗದಂತೆ ಎಚ್ಚರವಹಿಸಬೇಕು. 486ರಲ್ಲಿ ಇಂಟೆಲ್ ಇದನ್ನು ಒಂದು ಬಿಟ್‌ನಿಂದ ಸರಿಪಡಿಸಿತು. ಆದರೂ ಮೆಮೊರಿ ನಿರ್ವಹಣೆಯ ಆ ಭಾಗವನ್ನು ಮುಟ್ಟುವ ಪ್ರತಿಯೊಬ್ಬರೂ ತಮ್ಮ ಬಳಿ ಇಲ್ಲದ, ಎಂದೂ ನೋಡದ ಒಂದು ಯಂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಬೇಕಿತ್ತು. 2012ರ ಕೊನೆಯಲ್ಲಿ 386ನ್ನು ತೆಗೆಯುವ ಪ್ಯಾಚನ್ನು ಕಳಿಸಿದವರೂ ಇದೇ ಮೊಲ್ನಾರ್. ತನ್ನ ಕೂಸು ಕಣ್ಣುಬಿಟ್ಟ ಚಿಪ್ ಅದೆಂಬ ಭಾವುಕತೆ ಟೊರ್ವಾಲ್ಡ್ಸ್‌ಗೆ ಸ್ವಲ್ಪವೂ ಇರಲಿಲ್ಲ, ಸಂತೋಷದಿಂದಲೇ ಬೀಳ್ಕೊಟ್ಟರು.

486ರ ತಕರಾರು ಇದೇ ಕುಲದ್ದು. ಎಂಟು ಬೈಟುಗಳನ್ನು ಒಂದೇ ಆದೇಶದಲ್ಲಿ ಹೋಲಿಸಿ ಬದಲಿಸುವ ಶಕ್ತಿ, ಗಡಿಯಾರದ ಮಿಡಿತಗಳನ್ನು ಎಣಿಸುವ ಕೌಂಟರ್, ಇವೆರಡೂ ಬಂದದ್ದು 1993ರ ಪೆಂಟಿಯಮ್‌ನಲ್ಲಿ. ಅವಿಲ್ಲದ ಚಿಪ್‌ಗಾಗಿ ಕರ್ನಲ್ ಇಂಟರಪ್ಟ್‌ಗಳನ್ನು ತಡೆದು, ಹಲವು ಆದೇಶಗಳಲ್ಲಿ ಅದೇ ಕೆಲಸದ ಅನುಕರಣೆ ಮಾಡಬೇಕು. 486 ಎಸ್‌ಎಕ್ಸ್‌ನಲ್ಲಿ ದಶಮಾಂಶ ಲೆಕ್ಕದ ಘಟಕವೇ ಇರಲಿಲ್ಲ, ಅದಕ್ಕೆ ಒಂದು ಇಡೀ ಸಾಫ್ಟ್‌ವೇರ್ ಬದಲಿ. ಈ ಒಗ್ಗರಣೆಗಳು ಕೆಲವೊಮ್ಮೆ ಹೊಸ ಯಂತ್ರಗಳ ತೊಂದರೆಗೂ ಕಾರಣವಾಗುತ್ತವೆ, ಜನ ಅದರ ಹಿಂದೆ ಬಿದ್ದು ಹೊತ್ತು ಕಳೆಯುತ್ತಾರೆ ಎಂಬುದು ಮೊಲ್ನಾರ್ ಕೊಟ್ಟ ಸಮರ್ಥನೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ. ಯಾರೂ ಪರೀಕ್ಷಿಸದ ಕೋಡು ಉಳಿದಿರುವವರೆಗೆ ಪಟ್ಟಿಯಲ್ಲಿ '486ಕ್ಕೆ ಬೆಂಬಲವಿದೆ' ಎಂಬ ಸಾಲೂ ಉಳಿದಿರುತ್ತದೆ. ಎಲ್ಲೋ ಒಬ್ಬರು ಅದನ್ನು ನಂಬಿ ಒಂದು ಹಳೆಯ ನಿಯಂತ್ರಣ ಪೆಟ್ಟಿಗೆಗೆ ಹೊಸ ಕರ್ನಲ್ ಹಾಕುತ್ತಾರೆ. ಅದು ಏಳದಿದ್ದರೆ ಪುಣ್ಯ. ಎದ್ದು, ಎಲ್ಲೋ ಒಂದು ಕಡೆ ತಪ್ಪು ಲೆಕ್ಕ ಮಾಡಿದರೆ ಕಷ್ಟ. ಬೆಂಬಲ ಇಲ್ಲ ಎಂದು ಬರೆದಿಡುವುದು ಆ ಮನುಷ್ಯನಿಗೆ ಮಾಡುವ ಉಪಕಾರ.

ಆತನ ಗತಿಯೇನು ಎಂದರೆ, ಹಳೆಯ ಆವೃತ್ತಿಯನ್ನು ಯಾರೂ ಕಸಿದುಕೊಂಡಿಲ್ಲ. 386ನ್ನು ಬಿಟ್ಟ 3.8ನೇ ಆವೃತ್ತಿ ಬಂದದ್ದು 2013ರ ಫೆಬ್ರವರಿಯಲ್ಲಿ. ಅದಕ್ಕೆ ಹಿಂದಿನ, 386 ಒಳಗೊಂಡಿದ್ದ 3.2ನೇ ಆವೃತ್ತಿಗೆ 2018ರವರೆಗೂ ದುರಸ್ತಿಗಳು ಬರುತ್ತಿದ್ದವು. ಕಾರ್ಖಾನೆ, ರೈಲ್ವೆ, ವಿದ್ಯುತ್ ಜಾಲಗಳಂಥ ಕಡೆ ಮೂವತ್ತು ವರ್ಷ ಬಾಳಬೇಕಾದ ಯಂತ್ರಗಳಿಗೆಂದು ಸಿವಿಲ್ ಇನ್‌ಫ್ರಾಸ್ಟ್ರಕ್ಚರ್ ಪ್ಲ್ಯಾಟ್‌ಫಾರ್ಮ್ ಎಂಬ ಕೂಟ ಆಯ್ದ ಕರ್ನಲ್ ಆವೃತ್ತಿಗಳನ್ನು ಹತ್ತು ವರ್ಷ ಪೋಷಿಸುತ್ತದೆ. ಅಲ್ಲಿಯೂ ಕೆಲಸ ಮಾಡುವವರಿಗೆ ಸಂಬಳ ಕೊಡುವವರು ಆ ಯಂತ್ರ ಬೇಕಾದವರೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು, ಅದಕ್ಕೆ ನನ್ನ ಬಳಿ ಅಷ್ಟು ಸಲೀಸಾದ ಉತ್ತರವಿಲ್ಲ. ಬಳಸುವವರು ಇಲ್ಲ ಎಂದು ತೀರ್ಮಾನಿಸುವುದು ಹೇಗೆ? ಯಾರೂ ದೂರು ಕೊಡಲಿಲ್ಲ ಎಂಬುದರಿಂದಲೇ? ಹಳೆಯ ಯಂತ್ರ ಇಟ್ಟುಕೊಂಡಿರುವವನು ಇಂಗ್ಲಿಷಿನಲ್ಲಿ ಬಗ್ ವರದಿ ಬರೆಯುವ ಕರ್ನಲ್ ತಜ್ಞನಾಗಿರುವುದು ಅಪರೂಪ. ಅಳುವ ಮಗುವಿಗೇ ಹಾಲು ಎಂಬುದು ಇಲ್ಲೂ ನಿಜ. 2019ರಲ್ಲಿ ಉಬುಂಟು ತನ್ನ ಎಲ್ಲ 32-ಬಿಟ್ ಪ್ಯಾಕೇಜುಗಳನ್ನು ನಿಲ್ಲಿಸುವುದಾಗಿ ಸಾರಿದಾಗ ದೊಡ್ಡ ಗಲಾಟೆಯಾಗಿ, ಕೆಲವನ್ನು ಉಳಿಸಿಕೊಳ್ಳುವುದಾಗಿ ಒಪ್ಪಬೇಕಾಯಿತು. 2025ರಲ್ಲಿ ಫೆಡೋರಾದಲ್ಲಿಯೂ ಅಂಥದೇ ಪ್ರಸ್ತಾವ ಬಂದು, ವಿರೋಧಕ್ಕೆ ಮಣಿದು ಹಿಂದೆ ಸರಿಯಿತು. ಕೂಗಿದವರು ಯಾರು? ಬಹುಮಟ್ಟಿಗೆ ಗೇಮ್ ಆಡುವವರು. ಅವರ ಕಂಪ್ಯೂಟರುಗಳು ಹೊಚ್ಚ ಹೊಸವು, ಅವರಿಗೆ ಬೇಕಾಗಿದ್ದದ್ದು ಹಳೆಯ 32-ಬಿಟ್ ಆಟಗಳನ್ನು ಓಡಿಸುವ ಲೈಬ್ರರಿಗಳು. ನಿಜವಾದ 32-ಬಿಟ್ ಯಂತ್ರಗಳಿಗಾಗಿ ಅಷ್ಟು ಗಟ್ಟಿಯಾಗಿ ಕೂಗಿದವರನ್ನು ನಾನು ಕಾಣೆ. ಡೆಬಿಯನ್ 13ರ ಒಂದು ತೀರ್ಮಾನದಲ್ಲಂತೂ ಇದು ಕಣ್ಣಿಗೆ ರಾಚುತ್ತದೆ. 32-ಬಿಟ್ ಗಡಿಯಾರ 2038ರ ಜನವರಿ 19ರಂದು ಉಕ್ಕಿ ಹರಿಯುತ್ತದೆ; ಅದನ್ನು ತಪ್ಪಿಸಲು ಡೆಬಿಯನ್ ತನ್ನ 32-ಬಿಟ್ ಎಆರ್‌ಎಂ ಯಂತ್ರಗಳಿಗೆ 64-ಬಿಟ್ ಕಾಲಮಾನವನ್ನು ಅಳವಡಿಸಿತು, ಆದರೆ 32-ಬಿಟ್ ಪಿಸಿಯನ್ನು ಬೇಕೆಂದೇ ಹಾಗೇ ಬಿಟ್ಟಿತು. ಏಕೆಂದರೆ ಅದು ಈಗ ಉಳಿದಿರುವುದೇ ಹಳೆಯ ಪ್ರೋಗ್ರಾಮುಗಳಿಗಾಗಿ, ಮತ್ತು ಬದಲಾಯಿಸಿದರೆ ಅವು ಮುರಿಯುತ್ತವೆ.

ಹಳೆಯ ಯಂತ್ರಗಳ ಒಡೆಯರ ಈ ಮೌನವನ್ನು ಸಮ್ಮತಿ ಎಂದು ಓದುವುದು ತಪ್ಪು, ಒಪ್ಪುತ್ತೇನೆ. ಆದರೆ ಮೌನದ ಪರವಾಗಿ ಕೋಡು ಬರೆಯುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಡೆಬಿಯನ್ ಸ್ವಯಂಸೇವಕರ ಸಂಸ್ಥೆ. ಕರ್ನಲ್ ಕಟ್ಟಿ, ಇನ್‌ಸ್ಟಾಲರ್ ಪರೀಕ್ಷಿಸಿ, ಭದ್ರತಾ ದೋಷ ಬಂದಾಗಲೆಲ್ಲ ರಾತ್ರಿ ಕೂರುವ ಮಂದಿ ಇಲ್ಲದೆ ಹೋದರೆ ಅದು ಏನು ಮಾಡಲಿ? ನನ್ನ ಆಕ್ಷೇಪ ಇರುವುದು ಅದರ ಧಾಟಿಯ ಬಗ್ಗೆ. ಆಗುವುದಾದರೆ 64-ಬಿಟ್‌ಗೆ ಬದಲಿಸಿ, ಇಲ್ಲವಾದರೆ ಯಂತ್ರಕ್ಕೆ ನಿವೃತ್ತಿ ಕೊಡಿ ಎಂಬುದು ಅದರ ಸಲಹೆ. 2007ರಲ್ಲಿ ಏಸಸ್‌ನ 'ಈ ಪಿಸಿ' ಎಂಬ ಅಂಗೈಯಗಲದ ಲ್ಯಾಪ್‌ಟಾಪ್ ಬಂದಾಗ ಅದರೊಳಗೆ ಇದ್ದದ್ದು ಲಿನಕ್ಸ್. ಮರುವರ್ಷದ ನೆಟ್‌ಬುಕ್‌ಗಳ ತುಂಬ ಇದ್ದ ಆಟಮ್ ಎನ್270 ಚಿಪ್ 32-ಬಿಟ್ ಮಾತ್ರ ಬಲ್ಲದು. ಲಿನಕ್ಸ್‌ನೊಂದಿಗೇ ಹುಟ್ಟಿದ ಆ ಸಂತತಿಗೆ ಬದಲಿಸಿಕೊಳ್ಳಲು 64-ಬಿಟ್ ಇಲ್ಲ, ಉಳಿದದ್ದು ನಿವೃತ್ತಿಯೊಂದೇ. ನಮ್ಮಲ್ಲಿ ನಿಲ್ಲಿಸಿದ್ದೇವೆ ಎಂದಷ್ಟೇ ಹೇಳಿ ಸುಮ್ಮನಾಗಿದ್ದರೆ ಸಾಕಿತ್ತು. ಯಂತ್ರ ಬಿಸಾಡಬೇಕೋ ಬೇಡವೋ ಎಂಬುದು ಅದರ ಒಡೆಯನಿಗೆ ಬಿಟ್ಟ ವಿಷಯ. ಆರ್ಚ್ ಲಿನಕ್ಸ್ 2017ರಲ್ಲಿ 32-ಬಿಟ್ ನಿಲ್ಲಿಸಿದಾಗ ಆಸಕ್ತರು 'ಆರ್ಚ್ ಲಿನಕ್ಸ್ 32' ಎಂಬ ಬೇರೆ ಮನೆಯನ್ನೇ ಕಟ್ಟಿಕೊಂಡರು. ಅಧಿಕೃತ ಎಂಬುದು ಒಂದು ಮನೆಯ ಮಾತು, ಊರಿನ ಕಾನೂನಲ್ಲ.

ರೆಡ್ ಹ್ಯಾಟ್‌ನ 10ನೇ ಆವೃತ್ತಿಯ ಕತೆ ಬೇರೆ. ಅಲ್ಲಿ ಕೈಬಿಟ್ಟದ್ದು 64-ಬಿಟ್ ಯಂತ್ರಗಳನ್ನೇ, ಅದೂ ಕೋಡು ಕೊಳೆತಿದೆ ಎಂಬ ಕಾರಣಕ್ಕಲ್ಲ. ಕರ್ನಲ್ ಆ ಚಿಪ್‌ಗಳನ್ನು ಈಗಲೂ ಚೆನ್ನಾಗಿ ನಡೆಸುತ್ತದೆ, ಕಂಪೈಲರ್ ಅವುಗಳಿಗಾಗಿ ಈಗಲೂ ಕೋಡು ಹೊರಡಿಸುತ್ತದೆ. ಬದಲಾದದ್ದು ಕಂಪೈಲ್ ಮಾಡುವಾಗ ಕೊಡುವ ಒಂದು ಸೂಚನೆ: ಎವಿಎಕ್ಸ್2 ಮುಂತಾದ ಆದೇಶಗಳು ಇದ್ದೇ ಇವೆ ಎಂದು ಭಾವಿಸಿಕೋ. ಈ ಮಟ್ಟಕ್ಕೆ 'ಎಕ್ಸ್86-64-ವಿ3' ಎಂದು ಹೆಸರು. ಇಂಟೆಲ್‌ನಲ್ಲಿ ಅದು ಶುರುವಾದದ್ದು 2013ರ ಹ್ಯಾಸ್ವೆಲ್‌ನಿಂದ. ಹನ್ನೆರಡು ವರ್ಷ ಸಾಲದೇ ಎಂದು ಯಾರಾದರೂ ಕೇಳಿಯಾರು. ಸಾಲುತ್ತಿತ್ತು, ಇಂಟೆಲ್ ಎಲ್ಲ ಚಿಪ್‌ಗಳಿಗೂ ಅದನ್ನು ಕೊಟ್ಟಿದ್ದಿದ್ದರೆ. ಆದರೆ ಪೆಂಟಿಯಮ್, ಸೆಲೆರಾನ್ ಎಂಬ ಅಗ್ಗದ ಸಾಲಿನಲ್ಲಿ ಆ ಆದೇಶಗಳನ್ನು ಅದು ವರ್ಷಗಟ್ಟಲೆ ಮುಚ್ಚಿಟ್ಟೇ ಮಾರಿತು. 2021ರಲ್ಲಿ ಬಂದ ಜಾಸ್ಪರ್ ಲೇಕ್ ಪೀಳಿಗೆಯ ಸೆಲೆರಾನ್‌ಗಳಲ್ಲೂ ಎವಿಎಕ್ಸ್2 ಇಲ್ಲ. ಅಂದರೆ 2014ರ ದುಬಾರಿ ಲ್ಯಾಪ್‌ಟಾಪ್ ಒಳಗೆ, 2021ರ ಅಗ್ಗದ ಲ್ಯಾಪ್‌ಟಾಪ್ ಹೊರಗೆ. ಗೆರೆ ಬಿದ್ದದ್ದು ಹಳತು ಹೊಸತುಗಳ ನಡುವೆ ಎನ್ನುತ್ತಾರೆ. ಅರ್ಧದಷ್ಟು ಅದು ಬಿದ್ದದ್ದು ಬೆಲೆಯ ಮೇಲೆ.

ರೆಡ್ ಹ್ಯಾಟ್‌ನ ಪರವಾಗಿ ಹೇಳಬೇಕಾದದ್ದನ್ನೂ ಹೇಳಬೇಕು. ಅದರ ಗಿರಾಕಿಗಳು ಡೇಟಾ ಸೆಂಟರ್‌ಗಳು, ಅವರು ಐದಾರು ವರ್ಷಕ್ಕೆ ಸರ್ವರ್ ಬದಲಿಸುತ್ತಾರೆ. ಹಿಂದಿನ 9ನೇ ಆವೃತ್ತಿಗೆ 2032ರವರೆಗೆ ಬೆಂಬಲವಿದೆ. ಹೊಸ ಆದೇಶಗಳಿಂದ ಕೆಲವು ಕೆಲಸಗಳು ವೇಗವಾಗುವುದು ನಿಜ. ತನ್ನ ಅಂಗಡಿಯಲ್ಲಿ ಏನು ಮಾರಬೇಕೆಂದು ತೀರ್ಮಾನಿಸುವ ಹಕ್ಕು ಅದಕ್ಕಿದೆ. ನನ್ನ ತಕರಾರು ಅದನ್ನು ತಂತ್ರಜ್ಞಾನದ ಅನಿವಾರ್ಯತೆ ಎಂದು ಕರೆಯುವುದರ ಬಗ್ಗೆ. ಅದೇ ಮೂಲದಿಂದ ಕಟ್ಟಿದ ಆಲ್ಮಾ ಲಿನಕ್ಸ್ ತನ್ನ 10ನೇ ಆವೃತ್ತಿಯನ್ನು ಹಳೆಯ ವಿ2 ಮಟ್ಟಕ್ಕೂ ಕಟ್ಟಿ ಕೊಡುತ್ತಿದೆ. ಉಬುಂಟು 25.10ರಲ್ಲಿ ವಿ3 ಪ್ಯಾಕೇಜುಗಳು ಐಚ್ಛಿಕ, ಬೇಕಾದವರಿಗೆ ಅದು, ಮಿಕ್ಕವರಿಗೆ ಇದು. ಗ್ನೂ ಸಿ ಲೈಬ್ರರಿಯ 2021ರ 2.33ನೇ ಆವೃತ್ತಿಯಿಂದ ಇನ್ನೂ ಸುಲಭದ ದಾರಿಯಿದೆ. ಒಂದೇ ಲೈಬ್ರರಿಯ ಎರಡು ರೂಪಗಳನ್ನು ಅಕ್ಕಪಕ್ಕದ ಫೋಲ್ಡರುಗಳಲ್ಲಿಟ್ಟರೆ ಯಂತ್ರ ಯಾವುದೆಂದು ನೋಡಿ ಸರಿಯಾದದ್ದನ್ನು ಅದೇ ಎತ್ತಿಕೊಳ್ಳುತ್ತದೆ. ಇದಕ್ಕೆಲ್ಲ ಡಿಸ್ಕು ಬೇಕು, ಕಟ್ಟುವ ಸರ್ವರ್ ಬೇಕು, ಪರೀಕ್ಷೆಯ ಹೊತ್ತು ಬೇಕು. 486ರ ವಿಷಯದಲ್ಲಿ ಈ ಖರ್ಚು ಸ್ವಂತ ಹೊತ್ತಿನಲ್ಲಿ ದುಡಿಯುವವರ ಹೆಗಲಿಗೆ ಬೀಳುತ್ತಿತ್ತು, ಪ್ರತಿಫಲ ಸೊನ್ನೆ. ಇಲ್ಲಿ ಖರ್ಚನ್ನು ಹೊರಬಲ್ಲ ದೊಡ್ಡ ಸಂಸ್ಥೆಯಿದೆ, ಇನ್ನೊಂದು ಕಡೆ ಕೆಲಸ ಮಾಡುವ ಲಕ್ಷಾಂತರ ಯಂತ್ರಗಳಿವೆ.

ಬೆಂಬಲ ನಿಂತರೆ ಇ-ತ್ಯಾಜ್ಯ ಹೆಚ್ಚುತ್ತದೆ ಎಂಬ ವಾದ ಹೊಂದುವುದೂ ರೆಡ್ ಹ್ಯಾಟ್ ಕೈಬಿಟ್ಟಂಥ ಯಂತ್ರಗಳಿಗೇ. 486ಗಳೋ ಎಂದೋ ಗುಜರಿ ಸೇರಿಯಾಗಿದೆ, ಅವುಗಳ ಹೆಸರಿನಲ್ಲಿ ಪರಿಸರದ ಕಣ್ಣೀರು ಬೇಡ. ಪೆಂಟಿಯಮ್ 4ರ ಪ್ರೆಸ್ಕಾಟ್ ಚಿಪ್‌ಗಳಲ್ಲಿ ಕೆಲವು ಒಂದೊಂದೂ 115 ವ್ಯಾಟ್ ಶಾಖ ಹೊರಹಾಕುವ ಲೆಕ್ಕದವು. ಕೆಲವೇ ವ್ಯಾಟ್‌ಗಳ ರಾಸ್ಪ್‌ಬೆರಿ ಪೈ ಮಾಡಬಲ್ಲ ಕೆಲಸಕ್ಕೆ ಅದನ್ನು ದಿನವಿಡೀ ಉರಿಸುವುದು ಉಳಿತಾಯವಲ್ಲ. ಆದರೆ 2010ರ ದಶಕದ ಲ್ಯಾಪ್‌ಟಾಪ್‌ಗಳ ಮಾತು ಹಾಗಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳು ಕೈ ಬದಲಿಸುವುದು ಅವು ಇನ್ನೂ ಚೆನ್ನಾಗಿ ನಡೆಯುತ್ತವೆ ಎಂಬ ಒಂದೇ ನಂಬಿಕೆಯ ಮೇಲೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಿಂದಿನ ಬಹುಪಾಲು ಯಂತ್ರಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಲ್ಯಾಪ್‌ಟಾಪ್‌ಗಳಿಗೆ ಈಗ ಉಳಿದ ಮನೆ ಲಿನಕ್ಸ್. ಅಲ್ಲಿಯೂ ವೇಗದ ಹೆಸರಿನಲ್ಲಿ ಹೊಸ್ತಿಲು ಎತ್ತರಿಸುವ ಸ್ಪರ್ಧೆ ಶುರುವಾದರೆ ನಷ್ಟವಾಗುವುದು ಹೊಸತನ್ನು ಕೊಳ್ಳಲಾಗದವರಿಗೆ.

ಕೊನೆಗೂ ಹೆಚ್ಚಿನವರ ಹಳೆಯ ಯಂತ್ರವನ್ನು ಮೂಲೆಗೆ ತಳ್ಳುವುದು ಕರ್ನಲ್ಲೂ ಅಲ್ಲ, ಡೆಬಿಯನ್, ರೆಡ್ ಹ್ಯಾಟ್‌ನಂಥ ಡಿಸ್ಟ್ರೋ ಕೂಡ ಅಲ್ಲ, ಬ್ರೌಸರ್. ಗೂಗಲ್ 32-ಬಿಟ್ ಲಿನಕ್ಸ್‌ಗೆ ಕ್ರೋಮ್ ಕೊಡುವುದನ್ನು 2016ರಲ್ಲೇ ನಿಲ್ಲಿಸಿತು. ಫೈರ್‌ಫಾಕ್ಸ್ 145ನೇ ಆವೃತ್ತಿಯಿಂದ, ಅಂದರೆ 2025ರ ನವೆಂಬರ್‌ನಿಂದ ನಿಲ್ಲಿಸಿತು. ಎನ್270ರ ಒಂದು ನೆಟ್‌ಬುಕ್‌ಗೆ ಇಂದೂ ಹಳೆಯ ಡೆಬಿಯನ್ ಹಾಕಬಹುದು. ಪರದೆ ಬೆಳಗುತ್ತದೆ, ಕನ್ನಡದಲ್ಲಿ ಟೈಪಿಸಬಹುದು, ಹಾಡು ಕೇಳಬಹುದು. ಬ್ಯಾಂಕಿನ ಪುಟ ತೆರೆಯಹೋದಾಗ ಒಂದು ಜಿಬಿ ಮೆಮೊರಿ ತುಂಬಿ, ಹಾರ್ಡ್ ಡಿಸ್ಕ್‌ನ ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ.